ಗುರುವಾರದ ಪ್ಯಾಸೆಂಜರ್

ಆ ಹೆಂಗಸು ಚಾಚಿದ ಹಾರಕ್ಕೆ ಲಾಲಮ್ಮ ಕೈ ಒಡ್ಡಲಿಲ್ಲ. ಬುರ್ಖಾದ ಮುಸುಕನ್ನು ಹಿಂದಕ್ಕೆ ಸರಿಸಿಕೊಂಡು, ಬೆವರು ಒರೆಸಿಕೊಳ್ಳಲೂ ಕೈ ಖಾಲಿಯಿಲ್ಲದೆ, ಬಂದಾಕೆ ವಿಠೋಬಾನ ಹೆಣದ ಕಾಲ ಬಳಿ ನಿಂತೇ ಇದ್ದಳು.

"ಯಾರ ಪೈಕಿ ನೀ?" ಎಂದು ಲಾಲಮ್ಮ ಕೇಳಿದಳು.

"ಚಿತ್ತಾಪುರದಾಕಿರಿ. ನೂರಜಹಾನ್. ಗೇಟ್‌ಮನ್ ನಬೀಸಾಬ್ ಅದಾರಲ್ರಿ, ಅವರ ಮನಿಯಾಕಿ. ಕಾಕಾ ನಮ್ಮ ಮನಿಗಿ ಬರ್ತಿದ್ರು."

ಗೋಡೆಗೆ ಒರಗಿ ಕೂತಿದ್ದ ಬೀಗರ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ವಲ್ಪ ಹೊತ್ತಿಗೆ ಮುಂಚೆ ಸೇಡಂನಿಂದ ಶಿವಕಾಂತಮ್ಮ ಎಂಬ ಇನ್ನೊಬ್ಬಳು ಬಂದಿದ್ದಳು. ಅವಳೂ ಹೀಗೇ, ಅಣ್ಣಾವ್ರು ನಮ್ಮ ಮನಿಗಿ ಬರ್ತಿದ್ರು ಎಂದು ಹೇಳಿ, ಅತ್ತು, ಬಾಗಿಲ ಮೂಲೆಯಲ್ಲಿ ಕೂತಿದ್ದಳು. ಅವಳಿಗೆ ಯಾರೂ ನೀರು ಕೊಟ್ಟಿರಲಿಲ್ಲ. ನೂರಜಹಾನ್ ಕೊನೆಗೆ ಹಾರವನ್ನು ತಾನೇ ಹೆಣದ ಮೇಲಿಟ್ಟು ಶಿವಕಾಂತಮ್ಮನ ಪಕ್ಕ ಹೋಗಿ ಕೂತಳು. ಇಬ್ಬರಿಗೂ ಪರಸ್ಪರ ಗುರುತಿರಲಿಲ್ಲ.

ವಾಡಿಯಲ್ಲಿ ಮೇ ತಿಂಗಳ ಬಿಸಿಲು. ರೈಲ್ವೆಯಲ್ಲಿ ಗೂಡ್ಸ್ ಡ್ರೈವರ್ ಆಗಿ ನಿವೃತ್ತನಾಗಿದ್ದ ವಿಠೋಬಾ ಮೂತ್ರಪಿಂಡ ಕೆಟ್ಟು ಆರು ತಿಂಗಳು ನರಳಿ ಆ ದಿನ ಬೆಳಗಿನ ಜಾವ ತೀರಿಕೊಂಡಿದ್ದ. ಹೆಣದ ಕೆಳಗೆ ಇಟ್ಟ ಐಸ್ ಗಡ್ಡೆ ಕರಗಿ ಹಾಸುಬಂಡೆಯ ಮೇಲೆ ಹರಿದು ಹೊಸ್ತಿಲ ತನಕ ಬಂದಿತ್ತು. ಭಂಕೂರದಿಂದ ಬಂದಿದ್ದ ಅವನ ಅಣ್ಣ, ಮಧ್ಯಾಹ್ನ ಕಳೆಯುವುದರೊಳಗೆ ಮಣ್ಣು ಮಾಡಲೇಬೇಕೆಂದು ಹಟ ಹಿಡಿದಿದ್ದ. ಆದರೆ ಮಗಳು ಲುಂಬಿನಿ ಬಂದಿರಲಿಲ್ಲ. ಅವಳು ಅಸಿಸ್ಟೆಂಟ್ ಡ್ರೈವರ್. ತಾಂಡೂರಿನ ಕಡೆಯಿಂದ ಗೂಡ್ಸ್ ತರುತ್ತಿದ್ದಳು. ಸೇಡಂನಲ್ಲಿ ಅವಳಿಗೆ ಸುದ್ದಿ ಮುಟ್ಟಿಸಿದ್ದರು. ಅವಳ ಜಾಗಕ್ಕೆ ಹತ್ತಲು ಬೇರೆ ಯಾರೂ ಇಲ್ಲವೆಂದು, ಅದೇ ಗಾಡಿಯನ್ನು ವಾಡಿಗೆ ತಲುಪಿಸಿಯೇ ಇಳಿಯಬೇಕೆಂದು ಹೇಳಿದ್ದರಂತೆ. ಅವಳ ತಮ್ಮ ಸುರೇಶಕುಮಾರ, ಶಹಾಬಾದದಲ್ಲಿ ಮಾಸ್ತರಿಕೆ ಮಾಡುವವನು, ಬೆಳಗಿನಿಂದ ಅಂಗಳದಲ್ಲಿ ಫೋನು ಹಿಡಿದು ಓಡಾಡುತ್ತಿದ್ದ.

ಲಾಲಮ್ಮನ ಕಣ್ಣು ನೂರಜಹಾನಳ ಕೈಮೇಲಿತ್ತು. ಹಸಿರು ಗಾಜಿನ ಬಳೆಗಳು. ನಿವೃತ್ತನಾದ ಮರುವರ್ಷದಿಂದ ಗಂಡ ಗುರುವಾರ ಬಂತೆಂದರೆ ಚೀಲ ಹಿಡಿದು ಪ್ಯಾಸೆಂಜರ್ ಹತ್ತಿ ಹೋಗುತ್ತಿದ್ದ. ಎಲ್ಲಿಗೆ ಎಂದರೆ, ಸುಮ್ಮ ಗಾಡಿ ನೋಡಿ ಬರ್ತೀನಿ ಎನ್ನುತ್ತಿದ್ದ. ಒಂದು ಸಲ ಚೀಲದಲ್ಲಿ ಹಸಿರು ಬಳೆಯ ಕಟ್ಟು, ಸಾಬೂನು ಸಿಕ್ಕಿದ್ದವು. ಅವು ತನಗಲ್ಲ ಎಂದು ಲಾಲಮ್ಮನಿಗೆ ಸಂಜೆಯ ಹೊತ್ತಿಗೆ ತಿಳಿದಿತ್ತು. ಯಾರಿಗೆಂದು ಕೇಳಿದ್ದಕ್ಕೆ ಅವನು ತಲೆ ಕೆಳಗೆ ಹಾಕಿದ್ದನೇ ಹೊರತು ಬಾಯಿ ಬಿಟ್ಟಿರಲಿಲ್ಲ. ಆಮೇಲೆ ಬಹಳ ದಿನ ಅವಳು ರೊಟ್ಟಿಯ ತಾಟನ್ನು ಅವನ ಮುಂದೆ ಮಾತಿಲ್ಲದೆ ಸರಿಸಿದ್ದಳು.

*

ಎರಡು ವರ್ಷದ ಹಿಂದೆ, ಕೆಲಸ ಸಿಕ್ಕ ಹೊಸತರಲ್ಲಿ, ಲುಂಬಿನಿ ಡ್ಯೂಟಿ ಮುಗಿಸಿ ಬಂದವಳೇ ಚಪ್ಪಲಿ ಸಹ ಬಿಡದೆ ಹಿತ್ತಲಿಗೆ ಓಡಿದ್ದಳು. ಮರುದಿನ ಚಳಿಜ್ವರ. ಲಾಲಮ್ಮ ಬಿಸಿಲು ಹತ್ತಿದೆ ಎಂದುಕೊಂಡು ಪಾನಕ ಮಾಡಿದಳು. ವಿಠೋಬಾನಿಗೆ ಗೊತ್ತಾಯಿತು. ಹೆಂಡತಿ ನೀರಿಗೆ ಹೋದಾಗ ಮಗಳ ಹಾಸಿಗೆಯ ಬಳಿ ಕೂತು ಕೇಳಿದ.

"ನೀರ್ ಕುಡೀಲಿಲ್ಲೇನು ನೀ?"

"ಹಿಂದಿನ ಸಂಜಿಂದ ಕುಡ್ದಿಲ್ಲಪ್ಪ. ಕುಡುದ್ರ ಇಳೀಬೇಕಾಗ್ತದ."

ಅದು ಅವನಿಗೆ ಹೊಸ ಮಾತಲ್ಲ. ಅವನು ಇಂಜಿನ್ ಹತ್ತಿದ ಕಾಲದಿಂದಲೂ ಹಾಗೆಯೇ ಇತ್ತು. ಸೀಟಿನ ಸ್ಪಂಜು ಕಿತ್ತುಹೋದರೆ ಗೋಣಿಚೀಲ ಮಡಿಚಿ ಕಟ್ಟಿಕೊಳ್ಳುತ್ತಿದ್ದರು. ಕಿಟಕಿಗೆ ಒದ್ದೆ ಗೋಣಿ ಇಳಿಬಿಡುತ್ತಿದ್ದರು. ಅದು ಮುಂದಿನ ಸ್ಟೇಷನ್ ಬರುವಷ್ಟರಲ್ಲಿ ಒಣಗಿ ಹಪ್ಪಳವಾಗುತ್ತಿತ್ತು. ರೊಟ್ಟಿಯ ಗಂಟನ್ನು ಇಂಜಿನ್ನಿನ ಕಾದ ಮೈಮೇಲಿಟ್ಟು ಬಿಸಿ ಮಾಡಿಕೊಳ್ಳುತ್ತಿದ್ದರು. ಕಿವಿಗೆ ಅರಳೆ. ಇದೆಲ್ಲಕ್ಕೂ ಏನಾದರೊಂದು ಹಂಚಿಕೆ ಇತ್ತು. ಒಂದಕ್ಕೆ ಮಾತ್ರ ಇರಲಿಲ್ಲ. ಬದಿಯ ಹಳಿಗೆ ಹಾಕಿ ಗಂಟೆಗಟ್ಟಲೆ ನಿಲ್ಲಿಸಿದಾಗ ಗಂಡಸರು ಇಳಿದು ಗಾಲಿಯ ಮರೆಗೆ ನಿಲ್ಲುತ್ತಿದ್ದರು. ಓಡುವ ಗಾಡಿಯಲ್ಲಿ ತಡೆದುಕೊಳ್ಳುತ್ತಿದ್ದರು. ಅದಕ್ಕಾಗಿಯೇ ನೀರು ಕಡಿಮೆ ಕುಡಿಯುವುದು ರೂಢಿಯಾಗಿ, ಮನೆಯಲ್ಲಿದ್ದಾಗಲೂ ಅವನಿಗೆ ಬಾಯಾರಿಕೆಯೇ ಆಗುತ್ತಿರಲಿಲ್ಲ. ಈ ವಿಷಯವನ್ನು ಅವನು ಮನೆಯಲ್ಲಿ ಒಂದು ದಿನವೂ ಎತ್ತಿರಲಿಲ್ಲ. ಎತ್ತುವಂಥ ಮಾತು ಎಂದು ಅನ್ನಿಸಿರಲೇ ಇಲ್ಲ.

"ಅವ್ವನ ಮುಂದ ಹೇಳಬ್ಯಾಡಪ್ಪ," ಎಂದು ಲುಂಬಿನಿ ಅವನ ಕೈ ಹಿಡಿದುಕೊಂಡಳು. "ಮೊದಲೇ ಆಕಿಗಿ ಈ ನೌಕ್ರಿ ಸೇರೂದಿಲ್ಲ. ಇದು ಗೊತ್ತಾಯ್ತಂದ್ರ ಇಂಜಿನ್ ಹತ್ತಾಕ ಬಿಡೂದಿಲ್ಲ. ಆಣಿ ಮಾಡು."

ಅವನು ಆಣೆ ಮಾಡಿದ. ಆ ವಾರದ ಗುರುವಾರ ಚಿತ್ತಾಪುರಕ್ಕೆ ಹೋದ. ಅಲ್ಲಿ ಗೂಡ್ಸ್ ನಿಲ್ಲಿಸುವ ಬದಿಯ ಹಳಿಯ ಕೊನೆಗೆ, ಇಂಜಿನ್ ಬಂದು ನಿಲ್ಲುವ ಜಾಗಕ್ಕೆ ಎದುರಾಗಿ, ಗೇಟ್‌ಮನ್ ನಬೀಸಾಬನ ಮನೆ. ಸ್ಟೇಷನ್ನು ಅಲ್ಲಿಂದ ದೂರ. ಅಷ್ಟು ದೂರ ನಡೆದು ಹೋಗಿ ಬರುವುದರೊಳಗೆ ಸಿಗ್ನಲ್ ಬಿದ್ದು ಗಾಡಿ ಹೊರಡಬೇಕಾಗಬಹುದು. ಅವನು ಬಾಗಿಲಲ್ಲಿ ಕೂತು ಬಿಸಿಲಿನ ಮಾತು ಆಡಿದ, ತೊಗರಿಯ ಮಾತು ಆಡಿದ, ಚಹಾ ಕುಡಿದ, ಎದ್ದು ನಿಂತು ಮತ್ತೆ ಕೂತ. ನಬೀಸಾಬನಿಗೆ ಏನೂ ತಿಳಿಯಲಿಲ್ಲ. ನೂರಜಹಾನಳೇ ಕೇಳಿದಳು, ಕಾಕಾ, ಏನ್ ಪರೇಶಾನಿ ಅದ ಹೇಳ್ರಿ ಎಂದು.

"ನನ್ನ ಮಗಳು ಇಂಜಿನ್ ಮ್ಯಾಲ ಬರ್ತಾಳವ್ವ," ಎಂದು ಅವನು ನೆಲ ನೋಡುತ್ತ ಹೇಳಿದ. "ಆಕಿಗಿ ನಿಮ್ಮ ಸಂಡಾಸದ ಬಾಗ್ಲ ಒಂದ್ ಗಳಿಗಿ ತೆರೀತೀರೇನು?"

ನೂರಜಹಾನ್, ಚಿಲಕ ಮುರಿದಿದೆ, ನಾನು ಹೊರಗೆ ನಿಂತಿರುತ್ತೇನೆ, ಹೆದರಬೇಡಿ ಎಂದಳು. ಮುಂದಿನ ಗುರುವಾರ ವಿಠೋಬಾ ಚೀಲದಲ್ಲಿ ಹೊಸ ಚಿಲಕ, ಸ್ಕ್ರೂಡ್ರೈವರ್ ತಂದು ಬಾಗಿಲಿಗೆ ತಾನೇ ಕೂರಿಸಿ ಹೋದ. ತಾನು ಹೇಳಿದ್ದೆಂದು ಹುಡುಗಿಗೆ ತಿಳಿಯಬಾರದು, ನಾಚಿಕೊಂಡಾಳು ಎಂದೂ ಹೇಳಿ ಹೋದ. ಸೇಡಂನಲ್ಲಿ ಹಳಿಯ ಪಕ್ಕದ ಶಿವಕಾಂತಮ್ಮನ ಮನೆಗೂ ಹೀಗೇ ಹೋಗಿದ್ದ.

*

ಮೂರು ಗಂಟೆಯ ಹೊತ್ತಿಗೆ ಎರಡನೆಯ ಸಲ ತಂದ ಐಸೂ ಕರಗಿತು. ಭಂಕೂರದ ಅಣ್ಣ ಚಟ್ಟ ಎತ್ತಲು ಹೇಳಿದ. ಅಕ್ಕ ಬರಲಿ ಎಂದು ಸುರೇಶಕುಮಾರ ಅಡ್ಡ ನಿಂತ. ಮಾತಿಗೆ ಮಾತು ಬೆಳೆಯಿತು. ಹೆಣ್ಣುಮಗಳಿಗಾಗಿ ಹೆಣ ಕೊಳೆಸುತ್ತೀರಾ, ಅವಳನ್ನು ಇಂಜಿನ್ ಹತ್ತಿಸಿದ್ದೇ ತಪ್ಪು ಎಂದ ಅಣ್ಣ, ಕೊನೆಗೆ ಮೂಲೆಯ ಕಡೆ ತಿರುಗಿದ.

"ಇವರಿಬ್ರನ್ನ ಮೊದಲ ಹೊರಗ ಕಳಸ್ರಿ. ಸತ್ತ ಮನುಷ್ಯಾನ ಮರ್ಯಾದಿ ಜರಾ ಉಳೀಲಿ."

ಶಿವಕಾಂತಮ್ಮ ಗಾಬರಿಯಿಂದ ಸೆರಗು ಸರಿಮಾಡಿಕೊಂಡು ಎದ್ದಳು. ನೂರಜಹಾನ್ ಏಳಲಿಲ್ಲ. ಅವಳು ಅಣ್ಣನ ಕಡೆ ನೋಡಲೂ ಇಲ್ಲ. ಲಾಲಮ್ಮನ ಎದುರಿಗೆ ಸರಿದು ಕೂತು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಕಾಕಿ, ಹೇಳಬ್ಯಾಡ ಅಂತ ಕಾಕಾ ಮಾತ್ ತಗೊಂಡಿದ್ರು. ಈಗ ಹೇಳ್ದಿದ್ರ ಅವರ ಹೆಸರಿಗೇ ಬಟ್ಟಾ ಬರ್ತದ. ನಿಮ್ಮ ಮಗಳ ಇಂಜಿನ್ ನಮ್ಮ ಮನಿ ಮುಂದ ನಿಂತಾಗ ನಮ್ಮ ಸಂಡಾಸಕ್ಕ ಬರ್ತಾಳ್ರಿ. ಬಾಗ್ಲ ತೆರೀರಿ ಅಂತ ಕೇಳಾಕ ಬಂದಿದ್ರು ಕಾಕಾ. ಅದಕ್ಕೇ ಬರ್ತಿದ್ರು. ಸಾಬಣ, ಫಿನೈಲ್ ತರ್ತಿದ್ರು. ಹಬ್ಬಕ್ಕ ಬಳಿ ತಂದಿದ್ರು."

ಶಿವಕಾಂತಮ್ಮ ನಿಂತಲ್ಲೇ ತಲೆ ಆಡಿಸಿದಳು.

ಲಾಲಮ್ಮ ಬಹಳ ಹೊತ್ತು ನೂರಜಹಾನಳ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಅರ್ಥವಾಗದೆ ಉಳಿದದ್ದು ಬೇರೆ.

"ಇಂಜಿನ್‌ನಾಗ ಇರೂದಿಲ್ಲೇನು?" ಎಂದು ಕೇಳಿದಳು. "ಅಷ್ಟ್ ದೊಡ್ಡ ಇಂಜಿನ್. ಡಬ್ಬಿಗೋಳಾಗ ಇರ್ತದಲ್ಲ."

ಅಂಗಳದಲ್ಲಿ ರೈಲ್ವೆಯ ಹಳೆಯ ಗಂಡಸರು ಹತ್ತು ಹನ್ನೆರಡು ಮಂದಿ ಇದ್ದರು. ಒಬ್ಬ ಕೆಮ್ಮಿದ. ಇನ್ನೊಬ್ಬ ಇಲ್ಲವ್ವ ಎಂದ. ಮೂವತ್ತು ವರ್ಷ ಡ್ರೈವರನ ಹೆಂಡತಿಯಾಗಿದ್ದ ಲಾಲಮ್ಮ ಗಂಡನ ಕಡೆ ತಿರುಗಿದಳು. ಕಲಬುರಗಿಯ ಡಾಕ್ಟರು, ಇವರು ಜೀವಮಾನದಲ್ಲಿ ನೀರೇ ಕುಡಿದಿಲ್ಲವೇನಮ್ಮ ಎಂದು ಬೈದಿದ್ದು, ತಾನು ಅದಕ್ಕೆ ಅವನ ಮೊಂಡುತನವನ್ನು ದೂರಿದ್ದು, ಅವನು ಮಂಚದ ಮೇಲೆ ಸುಮ್ಮನೆ ಕೇಳಿಸಿಕೊಂಡದ್ದು ಅವಳ ಕಣ್ಣ ಮುಂದೆ ಬಂತು. ಅವಳು ಅಳಲಿಲ್ಲ. ಎದ್ದು ಬಿಂದಿಗೆಯಿಂದ ಎರಡು ಲೋಟ ನೀರು ತಂದು ಆ ಇಬ್ಬರ ಕೈಗೂ ಕೊಟ್ಟಳು.

ಗಾಡಿ ಚಿತ್ತಾಪುರ ಬಿಟ್ಟಿದೆ ಎಂದು ಅಷ್ಟರಲ್ಲಿ ಸುರೇಶಕುಮಾರನ ಫೋನಿಗೆ ಸುದ್ದಿ ಬಂತು. ಸುಡುಗಾಡು ಹಳಿಯ ಆಚೆಗಿತ್ತು. ಹೇಗೂ ಗೇಟು ದಾಟಲೇಬೇಕು. ಆ ಗಾಡಿಯೂ ಅದೇ ಗೇಟಿನ ಮೇಲೆ ಹಾದು ಬರಬೇಕು.

"ಎತ್ತರಿ," ಎಂದಳು ಲಾಲಮ್ಮ. "ಗೇಟಿನ ತನಕ ಒಯ್ಯರಿ. ಆಕಿ ಬರೂ ತನಕ ಗೇಟ್ ದಾಟೂದು ಬ್ಯಾಡ."

ತಾನೂ ಬರುವುದಾಗಿ ಹೇಳಿ ಅವಳು ಚಟ್ಟದ ಹಿಂದೆಯೇ ನಡೆದಳು. ನೂರಜಹಾನ್ ಮತ್ತು ಶಿವಕಾಂತಮ್ಮ ಅವಳ ಎರಡೂ ಬದಿಗೆ ಬಂದರು. ಮುಂದೆ ಹೋಗುತ್ತಿದ್ದವರು ಬುದ್ಧಂ ಶರಣಂ ಎಂದು ತ್ರಿಶರಣ ಹೇಳುತ್ತಿದ್ದರು.

*

ಗೇಟಿನ ಬೇವಿನ ನೆರಳಿಗೆ ಚಟ್ಟ ಇಳಿಸಿ ಎಲ್ಲರೂ ಹಳಿಯ ಕಡೆ ನೋಡುತ್ತ ನಿಂತರು. ಭಂಕೂರದ ಅಣ್ಣ ಮತ್ತೆ ಮತ್ತೆ ಹೊತ್ತು ನೋಡುತ್ತಿದ್ದ. ನೊಣ ಕೂರದಂತೆ ಶಿವಕಾಂತಮ್ಮ ಬೇವಿನ ಟೊಂಗೆ ಬೀಸುತ್ತಿದ್ದಳು. ಗೇಟು ಬಿತ್ತು. ದೂರದಲ್ಲಿ ಹೊಗೆ ಕಂಡಿತು, ಆಮೇಲೆ ಸದ್ದು. ಆದರೆ ಗೇಟಿಗೆ ಮುಂಚಿನ ಸಿಗ್ನಲ್ ಕೆಂಪಾಗಿತ್ತು. ಗಾಡಿ ನಿಧಾನವಾಗುತ್ತ ಬಂದು, ಚಟ್ಟಕ್ಕೆ ಕಲ್ಲೆಸೆತದ ದೂರದಲ್ಲಿ ನಿಂತುಬಿಟ್ಟಿತು.

ಕಿಟಕಿಯಲ್ಲಿ ಲುಂಬಿನಿಯ ಮುಖ ಕಂಡಿತು. ಅವಳು ಇಳಿಯಲಿಲ್ಲ.

ಡ್ರೈವರ್ ಬಂದೇಅಲಿ ಒಂದು ಕಾಲಕ್ಕೆ ವಿಠೋಬಾನ ಕೈಕೆಳಗೆ ಅಸಿಸ್ಟೆಂಟ್ ಆಗಿದ್ದವನು. ಇಳಿದು ಹೋಗು, ಏನು ಬಂದರೂ ನಾನು ನೋಡಿಕೊಳ್ಳುತ್ತೇನೆ ಎಂದು ಅವನು ಹೇಳುತ್ತಿದ್ದುದು ಕೆಳಗಿದ್ದವರಿಗೂ ಕೇಳಿಸಿತು. ಲುಂಬಿನಿ ತಲೆ ಅಲ್ಲಾಡಿಸಿದಳು. ಸಿಗ್ನಲ್ ಯಾವ ಗಳಿಗೆಯಲ್ಲಾದರೂ ಬೀಳಬಹುದು. ಒಬ್ಬನೇ ಗಾಡಿ ನಡೆಸುವ ಹಾಗಿಲ್ಲ. ನಿಂತರೆ ಹಿಂದಿನಿಂದ ಬರುತ್ತಿರುವ ಎಕ್ಸ್‌ಪ್ರೆಸ್ಸೂ ನಿಲ್ಲಬೇಕು. ಅವಳು ಒಂದು ಸಲ ಅಪ್ಪನ ಕಡೆ, ಒಂದು ಸಲ ಕೆಂಪು ದೀಪದ ಕಡೆ ನೋಡುತ್ತಿದ್ದಳು.

ಲಾಲಮ್ಮ ಜಲ್ಲಿಯ ಮೇಲೆ ನಡೆಯತೊಡಗಿದಳು. ಯಾರೋ ಕೂಗಿ ಕರೆದರು, ಅವಳು ತಿರುಗಲಿಲ್ಲ. ಇಂಜಿನ್ನಿನ ಏಣಿ ನೆಟ್ಟಗೆ, ಅವಳ ಎದೆಯ ಮಟ್ಟದಿಂದ ಶುರುವಾದಂತಿತ್ತು. ನೂರಜಹಾನ್ ಕೆಳಗಿನಿಂದ ಹೆಗಲು ಕೊಟ್ಟಳು, ಬಂದೇಅಲಿ ಮೇಲಿನಿಂದ ಕೈ ಹಿಡಿದ. ಸೀರೆ ಮೊಣಕಾಲಿಗೆ ಸಿಕ್ಕಿ, ಕಬ್ಬಿಣ ಅಂಗೈ ಸುಟ್ಟು, ಹೇಗೋ ಒಳಗೆ ಬಂದಳು.

ಲುಂಬಿನಿಯ ತುಟಿಗಳು ಒಡೆದಿದ್ದವು. ಮುಖದ ಮಸಿಯ ಮೇಲೆ ನೀರಿಳಿದ ಗೆರೆಗಳು ಒಣಗಿದ್ದವು. ಅವಳು ಕಣ್ಣನ್ನು ಸಿಗ್ನಲ್ಲಿನಿಂದ ತೆಗೆಯದೆ ಕೇಳಿದಳು.

"ಅಪ್ಪ ನೀರ್ ಕೇಳ್ದನಾ, ಅವ್ವಾ?"

"ಕೇಳ್ದ. ಕಿಡ್ನಿ ಕೆಟ್ಟ ಮ್ಯಾಲ ಡಾಕ್ಟರ್ ನೀರ್ ಬ್ಯಾಡಂದಿದ್ದ. ನಾ ಕುಡಿಸ್ದೆ. ತಂಬಿಗಿ ತುಂಬ ಕುಡದು ಮಲಗ್ದ."

ಲುಂಬಿನಿ ಅವ್ವನ ಹೆಗಲಿಗೆ ಹಣೆ ಒತ್ತಿದಳು. ಲಾಲಮ್ಮ ಮಗಳ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಸುತ್ತ ನೋಡಿದಳು. ಎರಡು ಸೀಟು. ಹಿಡಿಕೆಗಳು, ಗಡಿಯಾರದಂಥ ಮುಳ್ಳುಗಳು. ಅಲ್ಲಾಡುವ ಒಂದು ಫ್ಯಾನು. ಮುಂದೆ ಗಾಜು, ಬದಿಗೆ ಗಾಜು, ಹಿಂದೆಯೂ ಗಾಜು. ನಿಂತಲ್ಲೇ ಪೂರ್ತಿ ಒಂದು ಸುತ್ತು ತಿರುಗಿದರೂ ಸೆರಗು ಅಡ್ಡ ಹಿಡಿಯುವಷ್ಟು ಮರೆ ಅವಳಿಗೆ ಕಾಣಲಿಲ್ಲ. ಬಂದೇಅಲಿ ಮುಖವನ್ನು ಆಚೆ ಕಿಟಕಿಗೆ ತಿರುಗಿಸಿಕೊಂಡಿದ್ದ.

"ನೌಕ್ರಿ ಬಿಡಂತೀಯಾ?" ಲುಂಬಿನಿ ಮೆಲ್ಲಗೆ ಕೇಳಿದಳು.

ಲಾಲಮ್ಮ ಉತ್ತರ ಕೊಡುವ ಮೊದಲೇ ಹುಡುಗಿ ನೆಟ್ಟಗಾದಳು.

"ಹಳದಿ," ಎಂದು ಗಟ್ಟಿಯಾಗಿ ಹೇಳಿದಳು.

"ಹಳದಿ," ಎಂದು ಬಂದೇಅಲಿ ತಿರುಗಿ ಹೇಳಿದ.

ಲಾಲಮ್ಮ ಏಣಿಯ ಜಿಡ್ಡುಗಟ್ಟಿದ ಕಂಬಿಗಳನ್ನು ಬಿಗಿಯಾಗಿ ಹಿಡಿದು ಹಿಮ್ಮುಖವಾಗಿ ಇಳಿದಳು. ಕೆಳಗೆ ನಿಂತು, ತಲೆ ಎತ್ತಿ, ಮಗಳಿಗೆ ಕೇಳುವಷ್ಟು ಜೋರಾಗಿ ಹೇಳಿದಳು.

"ಇಲ್ಲೇ ಕುಂದರ್ತೀವಿ. ಗಾಡಿ ಮುಟ್ಟಿಸಿ ಬಾ. ನೀರ್ ಕುಡದು ಬಾ."

ಗಾಡಿ ಹೊರಟಿತು. ಡಬ್ಬಿಗಳು ಒಂದೊಂದಾಗಿ ಹಾದು ಮುಗಿದವು. ಗೇಟು ತೆರೆಯಿತು, ಆಚೆ ನಿಂತಿದ್ದ ಲಾರಿಗಳು, ಟಂಟಂಗಳು ಹಾರ್ನ್ ಹೊಡೆಯುತ್ತ ದಾಟಿದವು. ಚಟ್ಟವನ್ನು ಯಾರೂ ಎತ್ತಲಿಲ್ಲ. ಸುರೇಶಕುಮಾರ ಅಕ್ಕನನ್ನು ಕರೆತರಲು ಮೋಟರ್‌ಸೈಕಲ್ ಹತ್ತಿ ಸ್ಟೇಷನ್ನಿಗೆ ಹೋದ. ಭಂಕೂರದ ಅಣ್ಣ ಟವೆಲು ಹಾಸಿ ತಮ್ಮನ ತಲೆಯ ಬಳಿ ಕೂತುಕೊಂಡ.

ಲಾಲಮ್ಮ ಬಂದು ಗಂಡನ ಪಕ್ಕ ಕೂತು ಅವನ ಎದೆಯ ಮೇಲೆ ಕೈಯಿಟ್ಟಳು. ಕೈ ತೆಗೆದಾಗ ಬಿಳಿ ಬಟ್ಟೆಯ ಮೇಲೆ ಕಪ್ಪು ಗ್ರೀಸಿನ ಅಂಗೈ, ಐದೂ ಬೆರಳ ಸಮೇತ, ಹಾಗೇ ಮೂಡಿತ್ತು. ನೂರಜಹಾನ್ ಅದನ್ನು ಒರೆಸಲು ಬುರ್ಖಾದ ಅಂಚು ಹಿಡಿದು ಬಗ್ಗಿದಳು. ಲಾಲಮ್ಮ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.