ಪಿಸುಮಾತಿನ ಮೇಷ್ಟ್ರು

ಅಂಗಿಯ ಮೇಲಿನ ಗುಂಡಿ ಕಾಜಾದೊಳಗೆ ಸೇರುತ್ತಲೇ ಇರಲಿಲ್ಲ. ಆಕೆ ಬಾಗಿ, ಗಂಡನ ತಣ್ಣನೆಯ ಕೊರಳ ಬಳಿ ಎರಡು ಬೆರಳು ತೂರಿಸಿ ಮತ್ತೆ ಎಳೆದಳು.

"ಬಿಡಿ ಅತ್ತಿಗೆ, ಸಾಕು," ಎಂದಳು ನಾದಿನಿ.

"ಇರಮ್ಮ. ಜನ್ಮ ಪೂರ್ತಿ ಕತ್ತಲಲ್ಲಿ ಕೂತೋರು. ಇವತ್ತೊಂದಿನ ಎಲ್ರೂ ನೋಡ್ತಾರೆ, ನೆಟ್ಟಗಿರ್ಲಿ."

ನಲವತ್ತು ವರ್ಷ ನಾಟಕ ಕಂಪನಿಯಲ್ಲಿ ಪರದೆಯ ಮರೆಗೆ ಕೂತು, ನಟರು ಮರೆತ ಮಾತನ್ನು ಪಿಸುಗುಟ್ಟಿ ದಡ ಮುಟ್ಟಿಸಿದವರು. ಪಿಸುಮಾತಿನ ಮೇಷ್ಟ್ರು ಎಂದರೇ ಜನಕ್ಕೆ ಗುರುತು.

"ಕಾಯಿಲೆ ವಿಷ್ಯ ಅಣ್ಣಂಗೆ ಗೊತ್ತಾಗ್ಲೇ ಇಲ್ಲ, ಅಲ್ವಾ?" ನಾದಿನಿ ಕಿಟಕಿಯ ಕಡೆ ತಿರುಗಿಕೊಂಡು ಕೇಳಿದಳು.

"ನಾನು ಬಿಟ್ರೆ ತಾನೆ? ಡಾಕ್ಟ್ರು ನಂಗೊಬ್ಬಳಿಗೇ ಹೇಳಿದ್ದು. ಹೊಟ್ಟೆ ಹುಣ್ಣು ಅಂತ ಹೇಳ್ಕೊಂಡು ಮೂರು ತಿಂಗಳು ನಗ್ತಾನೇ ಮಾತ್ರೆ ಕೊಟ್ಟೆ. ಏನೂ ತಿಳೀದೆ ನೆಮ್ಮದಿಯಾಗಿ ಹೋದ್ರು. ನಂಗಷ್ಟು ಸಾಕು."

ನಾದಿನಿ ಕಿಟಕಿಯ ಸರಳು ಹಿಡಿದು ಹೊರಗೇ ನೋಡುತ್ತಿದ್ದಳು.

*

ಮದುವೆಯಾದ ಹೊಸತು. ಮೇಷ್ಟ್ರು ಪರದೆಯ ಪಕ್ಕದ ಸ್ಟೂಲಿನ ಮೇಲೆ ಹೆಂಡತಿಯನ್ನೂ ಕೂರಿಸಿಕೊಂಡಿದ್ದರು. ರಂಗದ ಮೇಲೆ ರಾಣಿ, ಯುದ್ಧದಿಂದ ಬರಲಿರುವ ಗಂಡನಿಗಾಗಿ ಹಾಡುತ್ತ ತಲೆ ಬಾಚಿಕೊಳ್ಳುತ್ತಿದ್ದಳು. ಅವನು ಹಿಂದಿನ ದೃಶ್ಯದಲ್ಲೇ ಸತ್ತಾಗಿತ್ತು.

"ಹಾಡು ಇಷ್ಟು ಖುಷಿಯಾಗಿದೆ, ಜನ ಯಾಕ್ರೀ ಅಳ್ತಿದಾರೆ?"

"ಜನಕ್ಕೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅದಕ್ಕೇ ಕಣೆ."

"ಪಾಪ, ಯಾರಾದ್ರೂ ಹೇಳ್ಬಾರ್ದಾ?"

"ಹೇಳಿದ್ರೆ ಹಾಡು ನಿಂತ್ಹೋಗುತ್ತಲ್ಲೇ."

*

ಶವ ಹೊರಡುವ ಮುಂಚೆ ಎರಡು ಮಾತಾಡಲು ಕಂಪನಿಯ ಹಳೆಯ ನಟ ಎದ್ದ. ಆಯುಷ್ಯವೆಲ್ಲ ರಾಜನ ಪಾತ್ರ ಮಾಡಿ ಮಹಾರಾಜ ಎಂದೇ ಹೆಸರಾದವನು.

"ಮೇಷ್ಟ್ರಿಲ್ದೆ ಇವನ ಬಾಯಿಂದ ಏನ್ ಬರುತ್ತೋ," ಬಾಗಿಲ ಬಳಿ ಯಾರೋ ಗೊಣಗಿದರು.

"ಸುಮ್ನಿರಯ್ಯ. ಅವ್ರೇ ಬರ್ಕೊಟ್ಟು ಹೋಗಿದಾರೆ." ಮಹಾರಾಜ ಜೇಬಿನಿಂದ ಕಾಗದ ತೆಗೆದು, ಗಂಟಲು ಸರಿಮಾಡಿಕೊಂಡು ಓದಿದ:

"ಮೂರು ತಿಂಗಳು ನನ್ನ ಹೆಂಡತಿ ನನ್ನೆದುರು ನಗುತ್ತ ಪಾತ್ರ ಮಾಡಿದಳು. ಒಂದೇ ಒಂದು ಮಾತನ್ನೂ ನಾನು ಹೇಳಿಕೊಡಬೇಕಾಗಲಿಲ್ಲ."

ಅಷ್ಟಕ್ಕೇ ನಿಂತುಬಿಟ್ಟ. ಆಕೆ ಎದ್ದು ಅವನ ಬಳಿ ಹೋದಳು. ಆ ಸಾಲಿನ ಕೆಳಗೆ ಗಂಡನ ಪೆನ್ಸಿಲ್ ಅಕ್ಷರ: 'ಇಲ್ಲಿ ಅವಳಿಗೆ ಗೊತ್ತಾಗುತ್ತದೆ. ಅಳು ಮುಗಿಯುವವರೆಗೆ ಕಾಯುವುದು.'

"ಯಾವಾಗ ಬರೆದದ್ದು ಇದನ್ನ?"

"ಹೋದ ವಾರ, ತಾಯಿ. ಆದ್ರೆ ಗೊತ್ತಾಗಿದ್ದು ಮೊದಲನೇ ವಾರದಲ್ಲೇ. ಒಬ್ರೇ ಹೋಗಿ ಡಾಕ್ಟ್ರನ್ನ ಕೇಳ್ಕೊಂಡ್ ಬಂದಿದ್ರು. ನಿಮಗೆ ಹೇಳ್ಬಾರ್ದು ಅಂತ ನಮ್ಮೆಲ್ರ ಹತ್ರ ಆಣೆ ಹಾಕಿಸ್ಕೊಂಡ್ರು."

ಆಕೆ ತಿರುಗಿ ನೋಡಿದಳು. ನಾದಿನಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಸಾಲು ಸಾಲು ಕುರ್ಚಿಗಳಲ್ಲಿ ಕೂತವರೆಲ್ಲ ಕಣ್ಣೀರು ಒರೆಸಿಕೊಳ್ಳುತ್ತ ಆಕೆಯನ್ನೇ ನೋಡುತ್ತಿದ್ದರು. ಆಕೆ ಅಳಲು ಬಾಯಿ ತೆರೆದಳು. ಮೂರು ತಿಂಗಳಿನಿಂದ ಅಂಟಿಕೊಂಡ ನಗು ತುಟಿ ಬಿಟ್ಟು ಇಳಿಯಲಿಲ್ಲ.

ಮಹಾರಾಜ ಕಾಗದ ಹಿಡಿದು ಕಾದ. ಹೊರಗೆ ಶವದ ಗಾಡಿಯ ಡ್ರೈವರ್ ಒಳಗೊಮ್ಮೆ ಇಣುಕಿ ನೋಡಿ, ಹೋಗಿ ಎಂಜಿನ್ ಆರಿಸಿದ.