ಎರ್ಮಾನ್ಸ್ ಬಿಟ್ಟ ಚೆಂಡು

ಆನ್ಸೆಲ್ಮನಿಗೆ ಸಂಶಯ ಹುಟ್ಟಿದ್ದು ಒಂದು ಸುಲಭದ ಚೆಂಡಿನಿಂದ. ಅವನು ಲ ಆವ್ರ್ ಬಂದರಿನ ಕಾಫಿ ವ್ಯಾಪಾರಿ ಕೂರ್ತೆಲಾಂ ಅವರ ಮಗ. ಎರಡು ವರ್ಷ ಸತತವಾಗಿ ಫ್ರಾನ್ಸಿನ ಟೆನಿಸ್ ಪಂದ್ಯ ಗೆದ್ದವನು. ಮೂರನೆಯ ಸಲಕ್ಕೆ ತಯಾರಾಗಲು ದಿನಾ ಬೆಳಿಗ್ಗೆ ತಂಗಿ ಎರ್ಮಾನ್ಸಳ ಜೊತೆ ಆಡುತ್ತಿದ್ದ. ಅಂದು ಅವನು ಹೊಡೆದ ಚೆಂಡು ಸತ್ತಂತೆ ಅವಳ ಎದುರಿಗೇ ಬಿತ್ತು. ಅವಳು ರ್‍ಯಾಕೆಟ್ ಎತ್ತಿದಳು, ಅಣ್ಣ ನಿಂತಿದ್ದ ಜಾಗವನ್ನೊಮ್ಮೆ ನೋಡಿದಳು, ಆಮೇಲೆ ನೆಟ್ಟಿಗೆ ಹೊಡೆದಳು.

"ಅಯ್ಯೋ, ಹೋಯ್ತು" ಎಂದಳು. ಆ 'ಅಯ್ಯೋ' ಚೆಂಡಿಗಿಂತ ಒಂದಿಷ್ಟು ಮೊದಲೇ ಬಂದಿತ್ತು.

ಮರುದಿನ ಅವನು ಬೇಕೆಂದೇ ಸೋಲಲು ನೋಡಿದ. ಅವನು ಎಷ್ಟು ಕೆಟ್ಟದಾಗಿ ಆಡಿದರೂ ಅವಳು ಅದಕ್ಕಿಂತ ಒಂದು ಕೈ ಕೆಟ್ಟದಾಗಿ ಆಡಿ ಸೋತಳು. ತಿಂಡಿಗೆ ಕೂತಾಗ ಬೆಣ್ಣೆ ಸವರಿದ ಬ್ರೆಡ್ಡನ್ನು ತಿನ್ನದೆ ಪಕ್ಕಕ್ಕೆ ಸರಿಸಿದ. ಎರ್ಮಾನ್ಸ್ ಯಾಕೆ ಬೇಕೆಂದೇ ಸೋಲುತ್ತಾಳೆ ಎಂದು ತಾಯಿಯನ್ನು ಕೇಳಿದ.

"ಗೆದ್ರೂ ತಲೆನೋವೇನೋ ನಿಂಗೆ? ಸೋತೋರನ್ನ ಯಾಕೆ ಸೋತೆ ಅಂತ ಯಾರಾದ್ರೂ ಕೇಳ್ತಾರಾ?" ಎಂದಳು ತಾಯಿ, ಹೆಣೆಯುತ್ತಿದ್ದ ಲೇಸಿನಿಂದ ಕಣ್ಣೆತ್ತದೆ.

ಟೆನಿಸ್ ಅಂಗಳಕ್ಕೆ ರೋಲರ್ ಎಳೆಯುವ ಮುದುಕ ಫಿರ್ಮಾಂನ ಹತ್ತಿರ ಹೋದ. "ನಾನಿಲ್ಲದಾಗ ಎರ್ಮಾನ್ಸ್ ಯಾರ ಜೊತೆ ಆಡ್ತಾಳೆ?"

"ನಾನು ನೆಲ ನೋಡೋನು ಧಣಿ, ಆಡೋರನ್ನಲ್ಲ."

"ಸರಿ, ನೆಲ ಏನು ಹೇಳತ್ತೆ?"

ಮುದುಕ ಪೈಪು ಕೊಡವಿದ. "ಗುರುವಾರ ಆ ಇಂಗ್ಲಿಷ್ ಪಾದ್ರಿಗಳು ಬರ್ತಾರಲ್ಲ, ಅವರ ಕಡೆ ನೆಲ ಕೋಳಿ ಕೆದರಿದ ಹಾಗಿರತ್ತೆ. ನಿಮ್ಮ ತಂಗಿಯವ್ರ ಕಡೆ ಗುಡಿಸೋ ಕೆಲಸವೇ ಇರಲ್ಲ."

ಗುರುವಾರ ಆನ್ಸೆಲ್ಮ್ ಸಾಮಾನಿನ ಗುಡಿಸಲ ಹಿಂದೆ ನಿಂತು ನೋಡಿದ. ತಂಗಿ ಒಂದು ಕೈಯಲ್ಲಿ ಲಂಗದ ಅಂಚು ಹಿಡಿದುಕೊಂಡೇ ಪಾದ್ರಿಯನ್ನು ಆ ಮೂಲೆಯಿಂದ ಈ ಮೂಲೆಗೆ ಓಡಿಸುತ್ತಿದ್ದಳು. ಅಂಥ ಹೊಡೆತಗಳು ಅವಳಲ್ಲಿವೆಯೆಂದು ಅವನಿಗೆ ಗೊತ್ತೇ ಇರಲಿಲ್ಲ.

ತನಗೆ ಬೇಕೆಂದೇ ಸೋತವರು ಮತ್ತೆ ಬೇರೆ ಯಾರು ಯಾರು? ಕಳೆದ ವರ್ಷ ಪಂದ್ಯದ ಕೊನೆಯ ಆಟದಲ್ಲಿ ಎದುರಾಳಿ ಲ್ಯೂಸಿಯಾಂ ಫಾರ್ಸಿ ಮೂರು ಸಲ ಜಾರಿಬಿದ್ದಿದ್ದ. ಅವನೀಗ ಆನ್ಸೆಲ್ಮನ ಅಪ್ಪನ ಗೋದಾಮಿನಲ್ಲಿ ಗುಮಾಸ್ತ. ಆನ್ಸೆಲ್ಮ್ ಕಾಫಿ ಮೂಟೆಗಳ ನಡುವೆ ಅವನನ್ನು ಹಿಡಿದ.

"ಅವತ್ತು ಯಾಕೆ ಜಾರಿದೆ?"

"ನೆಲ ಒದ್ದೆಯಿತ್ತು."

"ನಾನು ಜಾರಲಿಲ್ಲ."

"ನೀನು ಓಡಿದ್ರೆ ತಾನೇ ಮಾರಾಯ, ಜಾರೋಕೆ?"

"ಈ ಕೆಲಸ ಯಾವಾಗ ಸಿಕ್ತು ನಿಂಗೆ?"

ಫಾರ್ಸಿ ಎದ್ದು ಬಾಗಿಲು ಮುಚ್ಚಿದ. "ಪಂದ್ಯ ಮುಗಿದ್ಮೇಲೆ. ಇದ್ರಿಂದ ನಿಂಗೇನು ಅನ್ಸತ್ತೋ ಅದನ್ನೇ ಅಂದ್ಕೋ."

ಅವನ ಮುಖದಲ್ಲಿ ಸುಳ್ಳೂ ಕಾಣಲಿಲ್ಲ, ನಿಜವೂ ಕಾಣಲಿಲ್ಲ. ಆನ್ಸೆಲ್ಮ್ ನೇರ ಮನೆಗೆ ಬಂದು ತಂಗಿಯನ್ನೇ ಕೇಳಿದ. "ನಂಗೆ ಸೋಲು ಅಂತ ಅಪ್ಪ ಹೇಳಿದ್ರಾ?"

"ಅಪ್ಪ ಯಾಕೆ ಹೇಳ್ಬೇಕು? ನೀನು ಹದಿನಾಲ್ಕರೋನಿದ್ದಾಗ ಒಂದ್ಸಲ ಸೋಲಿಸಿದ್ದೆ. ಮೂರು ದಿನ ಊಟ ಬಿಟ್ಟೆ ನೀನು. ಅಮ್ಮ ನನ್ನ ಕೈಲಿ ಆಣೆ ಹಾಕಿಸಿದ್ರು."

ಅವನಿಗೆ ಅದು ನೆನಪೇ ಇರಲಿಲ್ಲ. "ಅಪ್ಪ ಬೇರೆಯವರಿಗೆ ಏನಾದ್ರೂ ಹೇಳಿದ್ದಾರಾ?"

"ನಂಗೊತ್ತಿಲ್ಲ ಅಣ್ಣ. ನಾನು ನನ್ನ ಆಟಕ್ಕೆ ಮಾತ್ರ ಜವಾಬ್ದಾರಿ."

"ಹಾಗಾದ್ರೆ ಇವತ್ತು ಆಣೆ ಮುರಿ. ನಡಿ."

ಆರು-ಒಂದರಿಂದ ಎರ್ಮಾನ್ಸ್ ಗೆದ್ದಳು. ಆ ಒಂದನ್ನೂ ತಂಗಿ ಬಿಟ್ಟುಕೊಟ್ಟಳೇನೋ ಎಂದು ಅವನು ಸಂಜೆಯವರೆಗೆ ಯೋಚಿಸಿದ. ಆದರೆ ಊಟ ಬಿಡಲಿಲ್ಲ.

ಆ ವರ್ಷವೂ ಅವನು ಪಂದ್ಯಕ್ಕೆ ಹೋದ. ಎರಡನೆಯ ಸುತ್ತಿನಲ್ಲೇ ಪ್ಯಾರಿಸ್ಸಿನ ಒಬ್ಬ ವೈದ್ಯ ವಿದ್ಯಾರ್ಥಿ ಅವನನ್ನು ಸೋಲಿಸಿದ. ಕೈಕುಲುಕುವಾಗ ಆ ಹುಡುಗನ ಮುಖ ಕೆಂಪೇರಿ, ಮಾತು ಹೊರಡದಷ್ಟು ಏದುಸಿರು ಬರುತ್ತಿತ್ತು. ಎಷ್ಟೋ ದಿನಗಳ ಮೇಲೆ ಆನ್ಸೆಲ್ಮನಿಗೆ ಒಂದು ಆಟದ ಬಗ್ಗೆ ಅನುಮಾನವೇ ಬರಲಿಲ್ಲ. ಅಪ್ಪ ಮಾತ್ರ ಅಂಪೈರ್ ಸರಿಯಿಲ್ಲವೆಂದು ರೈಲು ಪ್ರಯಾಣದುದ್ದಕ್ಕೂ ಬೈದರು.

ಕೆಲವು ವರ್ಷಗಳ ಮೇಲೆ ಹೆಂಗಸರಿಗೂ ಪಂದ್ಯ ಶುರುವಾಯಿತು. ಎರ್ಮಾನ್ಸ್ ಮೂರು ಸಲ ಗೆದ್ದಳು. ಅಣ್ಣ ಕಲಿಸಿದ ಆಟವೇ ಅವಳ ಬಲವೆಂದು ಪತ್ರಿಕೆಯೊಂದು ಬರೆಯಿತು. ಕಲಿಸಿದ್ದು ತಾನಲ್ಲವೆಂದು ಆನ್ಸೆಲ್ಮ್ ಸಂಪಾದಕರಿಗೆ ಪತ್ರ ಹಾಕಿದ. ಅವರು ಅದನ್ನು 'ಚಾಂಪಿಯನ್ನನ ವಿನಯ' ಎಂಬ ತಲೆಬರಹ ಕೊಟ್ಟು ಅಚ್ಚು ಹಾಕಿದರು.

"ಬಿಡು ಅಣ್ಣ, ಯಾರೂ ನಂಬಲ್ಲ" ಎಂದಳು ಎರ್ಮಾನ್ಸ್.

ಅವನು ಇನ್ನೊಂದು ಹಾಳೆ ತೆಗೆದುಕೊಂಡು, ಈ ಸಲ ಆರು-ಒಂದು ಎಂಬುದನ್ನೂ ಸೇರಿಸಿ ಬರೆಯತೊಡಗಿದ.