ಇಂದ್ರವ್ವನ ಅಂಗುಳ

ಗಂಟು ಎದ್ದು ನಾಲ್ಕು ತಿಂಗಳಾಯಿತೆಂದು ಧನಪಾಲ ಮರಾಠಿಯಲ್ಲಿ ಹೇಳಿಬಿಟ್ಟ. ಬಾಯಿ ತೆರೆದು ಕೂತವಳು ಅವನ ತಾಯಿ ಇಂದ್ರವ್ವ. ಆದರೆ ತಮ್ಮೂರು ಕವಲಾಪುರ ಬಿಟ್ಟಾಗಿನಿಂದ ಅವಳನ್ನು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದವನು ಮಗನೇ. ಮರಾಠಿ ಶಾಲೆಯಲ್ಲಿ ಏಳನೆಯ ತರಗತಿ ಪಾಸಾದವನಲ್ಲವೇ! ತಾಯಿಯ ಮನೆಗನ್ನಡ ಮಿರಜದ ದವಾಖಾನೆಯಲ್ಲಿ ಕೇಳಿಸಿದರೆ ಅವನ ಮರ್ಯಾದೆ ಏನಾಗಬೇಕು?

ದೊಡ್ಡ ಡಾಕ್ಟರು ಬ್ಯಾಟರಿ ಹಿಡಿದು ನೋಡಿದರು. ಅಂಗುಳದಲ್ಲಿ ಅಡಿಕೆಯಷ್ಟು ಗಂಟು. ನಾಲ್ಕೇ ತಿಂಗಳಲ್ಲಿ ಇಷ್ಟು ಬೆಳೆದಿದ್ದರೆ ಕ್ಯಾನ್ಸರೇ ಇರಬೇಕು, ಮೇಲಿನ ದವಡೆ ತೆಗೆಯಬೇಕಾದೀತು, ಆಮೇಲೆ ಅವಳ ಮಾತು ಯಾರಿಗೂ ತಿಳಿಯಲಿಕ್ಕಿಲ್ಲ ಎಂದರು. ಇಂದ್ರವ್ವನಿಗೆ ಮರಾಠಿ ಚೆನ್ನಾಗಿ ತಿಳಿಯುತ್ತಿತ್ತು. ಆದರೆ ಗಂಡಸರ ಮಾತಿನ ನಡುವೆ ಬಾಯಿ ಹಾಕಿ ರೂಢಿಯಿರಲಿಲ್ಲ. ಸೆರಗು ಕಚ್ಚಿ ಅತ್ತಳು.

ಮರುದಿನ ಬೆಳಿಗ್ಗೆ ಬಾಯಿ ತೊಳೆಸಲು ಬಂದ ನರ್ಸಿನ ಹೆಸರು ಶಾಲನ; ಕನ್ನಡ ಸೀಮೆಯ ಅಥಣಿ ಕಡೆಯವಳು. ಗಂಟಿಗೆ ಹುಣ್ಣಿಲ್ಲ, ನೋವಿಲ್ಲ, ಇದೆಂಥ ಕ್ಯಾನ್ಸರು ಎಂದು ಅವಳಿಗೆ ಅನುಮಾನ. ಯಾವಾಗ ಎದ್ದದ್ದೆಂದು ಕನ್ನಡದಲ್ಲಿ ಕೇಳಿದಳು. ಇಂದ್ರವ್ವ ಮಂಚದ ಬದಿಯಲ್ಲಿ ನಿಂತ ಮಗನತ್ತ ಕೈ ತೋರಿಸಿದಳು.

"ಇಂವಗ ಹಾಲಹಲ್ಲು ಬರೂಮುಂದ ಹುಣಸಿಬೀಜದಷ್ಟಿತ್ತವ್ವಾ. ಈಗ ನಾಕ ತಿಂಗಳಾತು, ರೊಟ್ಟಿ ತಿನ್ನಾಕ ಅಡ್ಡ ಬರಾಕ ಹತ್ತಿತು, ಅದಕ್ಕ ಮನ್ಯಾಗ ಹೇಳಿದೆ."

ಶಾಲನ ಧನಪಾಲನ ಕಡೆ ನೋಡಿದಳು. ಇಪ್ಪತ್ತೆರಡು ವರ್ಷದ ಆಳು, ಮೀಸೆ ಬೇರೆ ತಿರುವಿಕೊಂಡಿದ್ದಾನೆ! ಅವಳು ಡಾಕ್ಟರ ಕೋಣೆಗೆ ಓಡಿದಳು.

ಡಾಕ್ಟರು ಬಂದು ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಇಷ್ಟು ವರ್ಷ ತೆಪ್ಪಗಿರುವ ಕ್ಯಾನ್ಸರನ್ನು ತಾವು ಕಂಡಿಲ್ಲವೆಂದರು. ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಮೂರನೆಯ ದಿನ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದವರೇ ಖುಷಿಯಿಂದ ಮೇಜು ಗುದ್ದಿದರು. ಕ್ಯಾನ್ಸರಲ್ಲ, ಅಂಗುಳದೊಳಗಿನ ಸಣ್ಣ ಜೊಲ್ಲುಗ್ರಂಥಿಯ ಗಂಟದು. ಅವರ ಇಡೀ ನೌಕರಿಯಲ್ಲಿ ಇಂಥದ್ದು ಕಂಡದ್ದು ಇದು ಎರಡನೆಯ ಸಲ. ದವಡೆ ಮುಟ್ಟದೆ ಗಂಟಷ್ಟೇ ತೆಗೆಯಬಹುದು. ಉಳಿದ ಡಾಕ್ಟರರನ್ನೆಲ್ಲ ಕರೆದು ತೋರಿಸಿದರು. ಶಾಲನಳಿಗೂ ನೋಡಲು ಕೊಟ್ಟರು. ಅವಳಿಗೆ ಏನೂ ತಿಳಿಯಲಿಲ್ಲ, ಆದರೂ ಹಿಗ್ಗಿ ಹೀರೇಕಾಯಿಯಾದಳು.

ಆಪರೇಷನ್ ಆಗಿ ಹತ್ತನೆಯ ದಿನ ಬಾಯಿಯೊಳಗಿನ ಬಟ್ಟೆ ತೆಗೆದರು. ಅಷ್ಟೂ ದಿನ ಇಂದ್ರವ್ವ ಕೈಸನ್ನೆಯಲ್ಲೇ ಕಳೆದಿದ್ದಳು. ಮಾತು ಉಳಿದಿದೆಯೋ ಇಲ್ಲವೋ, ಯಾರಿಗೆ ಗೊತ್ತು? ಶಾಲನ ತೆಗೆದ ಬಟ್ಟೆಯ ತಟ್ಟೆ ಹಿಡಿದು ನಿಂತಿದ್ದಳು. ಈಗ ನೋವು ಹೇಗಿದೆಯೆಂದು ಡಾಕ್ಟರು ಕೇಳಿದರು. ಧನಪಾಲ ಗಂಟಲು ಸರಿಮಾಡಿಕೊಂಡು, ಸ್ವಲ್ಪ ಇದೆಯೆಂದು ಮರಾಠಿಯಲ್ಲಿ ಶುರು ಮಾಡಿದ.

"ನೀ ಸುಮ್ನಿರು," ಎಂದಳು ಇಂದ್ರವ್ವ. ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು. "ಬಾಯಿ ನಂದೈತಿ."

ಶಾಲನ ಅದನ್ನು ಮರಾಠಿಗೆ ತರುವಷ್ಟರಲ್ಲಿ ಡಾಕ್ಟರು ಸ್ಟೂಲನ್ನು ಇಂದ್ರವ್ವನ ಕಡೆ ಎಳೆದುಕೊಂಡು ಕೂತಿದ್ದರು.